ಒಂಬತ್ತನೆಯ ರುಜು

ಸೇಂಟ್ ಲೂಯಿಸ್, ಅಕ್ಟೋಬರ್ ೧೯೪೭

ಎವರೆಟ್,

ನಾವು ಕೊಂಡ ಮನೆಯನ್ನು ಹದಿನೈದು ದಿನದೊಳಗೆ ಬಿಡಬೇಕೆಂದು ಇಂದು ಕೋರ್ಟು ಹೇಳಿತು. ಆ ಬಡಾವಣೆಯಲ್ಲಿ ಕರಿಯರು ಇರಕೂಡದೆಂದು ಕ್ರಯಪತ್ರದಲ್ಲೇ ಬರೆದಿದೆಯಂತೆ.

"ಒಬ್ಬ ಕರಿಯ ಬಂದ್ರೂ ಇಡೀ ಬೀದಿಗೆ ಸರ್ಕಾರದ ಸಾಲ ಹುಟ್ಟಲ್ಲ ಸ್ವಾಮಿ. ಇವರು ಬೇರೆಲ್ಲಾದ್ರೂ ಇರಲಿ," ಎಂದ ಬೀದಿಯ ಬಿಳಿಯರ ವಕೀಲ.

ನಮ್ಮನ್ನು ಬಿಡಿಸಿರೆಂದು ಬಿಳಿಯರು ಕೊಟ್ಟ ಅರ್ಜಿಯಲ್ಲಿ ಒಂಬತ್ತನೆಯ ರುಜು ನಿನ್ನದು.

ನಿನ್ನ ತಿಳಿಬಣ್ಣ ನಂಬಿಕೊಂಡು, ನಮ್ಮನ್ನು ಬಿಟ್ಟು, ನೀನು ಬಿಳಿಯನೆನಿಸಿಕೊಂಡು ಹನ್ನೊಂದು ವರ್ಷವಾಯಿತು. ರುಜು ಹಾಕದಿದ್ದರೆ ನಿನ್ನ ಮೇಲೇ ಅನುಮಾನ ಬರುತ್ತಿತ್ತು, ಗೊತ್ತು. "ಇವನು ನನ್ನ ತಮ್ಮ" ಎಂದು ನಾನು ಎದ್ದು ಹೇಳಿದ್ದರೆ, ಬೀದಿಯಲ್ಲಿ ಕರಿಯನೊಬ್ಬ ಆಗಲೇ ಇದ್ದಾನೆಂದು ಅವರ ಅರ್ಜಿ ಅಲ್ಲೇ ಬಿದ್ದುಹೋಗುತ್ತಿತ್ತು, ನಿನ್ನ ಸಂಸಾರವೂ. ಬಾಯಿ ಬಿಡಲಿಲ್ಲ. ಈ ಕಾಗದವನ್ನೂ ಕಳಿಸುವುದಿಲ್ಲ. ನನ್ನ ಹೆಸರು ನಿನ್ನ ಹೆಂಡತಿಯ ಕಣ್ಣಿಗೆ ಬಿದ್ದರೆ ಯಾರೆಂದು ಹೇಳುತ್ತೀ?

ಆ ಮನೆಯೇ ಬೇಕೆಂದು ಹಠ ಹಿಡಿದವಳು ಅಮ್ಮ. ಅದರ ಕಿಟಕಿಯಲ್ಲಿ ನಿಂತರೆ ನಿನ್ನ ಮಕ್ಕಳು ಶಾಲೆಗೆ ಹೋಗುವುದು ಕಾಣುತ್ತದೆ.

ಕೋರ್ಟಿನಿಂದ ನಾನು ಬಂದಾಗ ಅಮ್ಮ ಆಗಲೇ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು.

"ಅವನ ಸುದ್ದಿ ಏನಾದ್ರೂ ಸಿಕ್ತೇನೇ?"

"ಅವನ ಅಕ್ಷರ ಇನ್ನೂ ದುಂಡಗೇ ಇದೆ ಕಣಮ್ಮ," ಎಂದೆ.

ಎಲ್ಲಿ ನೋಡಿದೆಯೆಂದು ಕೇಳಲಿಲ್ಲ. ಮುಖ ಅರಳಿತು.

"ಕೈ ಹಿಡಿದು ತಿದ್ದಿಸಿದವಳು ನಾನಲ್ವಾ," ಎಂದಳು.