ಹನ್ನೆರಡು ಬಾದಾಮಿ

ಕೂಳೂರು, ಮಂಗಳೂರು
14-11-2024, ಗುರುವಾರ

ಪ್ರೀತಿಯ ನನ್ನ ಯಜಮಾನರಿಗೆ,

ಅಸ್ಸಲಾಮು ಅಲೈಕುಂ. ನನ್ನ ಅಕ್ಷರ ಚೆನ್ನಾಗಿಲ್ಲ, ತಪ್ಪುಗಳೂ ಇರಬಹುದು. ಐದನೇ ಕ್ಲಾಸು ಬಿಟ್ಟ ಮೇಲೆ ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು, ನಗಬೇಡಿ. ನಿಮ್ಮ ಬೆನ್ನುನೋವು ಹೇಗಿದೆ? ಫೋನ್ ಮಾಡುವಾಗ ಮಾವ ಪಕ್ಕದಲ್ಲೇ ಕೂತಿರುತ್ತಾರೆ, ನನಗೆ ಮಾತೇ ಹೊರಡುವುದಿಲ್ಲ. ಅದಕ್ಕೇ ಇವತ್ತು ರಜೆ ಮುಗಿಸಿ ನಿಮ್ಮ ದುಬೈಗೆ ಮರಳುವ ಪಕ್ಕದ ಮನೆಯ ಅರ್ಶದ್ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ.

ಮಾವನ ಹಾರ್ಟ್ ಆಪರೇಷನ್ ಆದ ಮೇಲೆ ಕೊಟ್ಟಾರದ ಚೈತಾಲಿ ಡಾಕ್ಟರು ಹೇಳಿದ್ದು ನಿಮಗೆ ಗೊತ್ತಲ್ಲ: ಕರಿದದ್ದು, ಬೇಕರಿಯದ್ದು ಬೇಡ, ಆದರೆ ಕೊಬ್ಬೆಲ್ಲ ಕೆಟ್ಟದಲ್ಲ, ಬಾದಾಮಿ, ಅಕ್ರೋಟು, ಎಳ್ಳು, ನಮ್ಮ ಬೂತಾಯಿ ಮೀನು, ಇವುಗಳಲ್ಲಿರುವುದು ಹೃದಯಕ್ಕೆ ಒಳ್ಳೆಯದು. "ಎಂತ ಡಾಕ್ಟ್ರೇ, ಮೊದಲು ಎಣ್ಣೆ ಬಿಡು ಅಂದ್ರಿ, ಈಗ ಎಣ್ಣೆ ಉಂಟು ಅಂತಲೇ ತಿನ್ನಬೇಕಾ?" ಎಂದು ಮಾವ ಅವರನ್ನೂ ನಗಿಸಿದ್ದರು. ನೀವು ಕಳುಹಿಸಿದ ಬಾದಾಮಿಯಲ್ಲಿ ದಿನಾ ಹನ್ನೆರಡು ನೆನೆಹಾಕಿ ಬೆಳಿಗ್ಗೆ ಬಟ್ಟಲಲ್ಲಿ ಇಡುತ್ತೇನೆ. ಆರು ಹಾಗೇ ಉಳಿಯುತ್ತವೆ. ಎರಡು ಬೂತಾಯಿ ಬಡಿಸಿದರೆ ಒಂದು ತಟ್ಟೆಯ ಅಂಚಿನಲ್ಲಿ. ಅನ್ನವೂ ಅರ್ಧ. ನಾಲ್ಕು ಕಿಲೋ ಇಳಿದುಹೋದರು. ಕೊಬ್ಬಿನ ಹೆದರಿಕೆ ಎಂದುಕೊಂಡು ನಿಮಗೆ ಹೇಳಿದೆ, ನೀವು ಅವರಿಗೆ ಬೈದಿರಿ. ನಿಮ್ಮ ಅಕ್ಕ ಮೈಮೂನಾ ಭಾನುವಾರ ಬಂದು ಅವರನ್ನು ಉಳ್ಳಾಲದ ತನ್ನ ಮನೆಗೆ ಕರೆದುಕೊಂಡು ಹೋಗುವುದೆಂದೂ ಆಯಿತು.

ಹವ್ವಮ್ಮ ಅತ್ತೆ ತೀರಿಕೊಂಡ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. ಅವರು ಚಾವಡಿಯಲ್ಲಿ ಉಣ್ಣುತ್ತಾರೆ, ನಾನು ಆಮೇಲೆ ಅಡುಗೆಮನೆಯಲ್ಲಿ. ಸೇತುವೆಯ ಮೇಲಿನ ಲಾರಿಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಿನ್ನೆ ಬಟ್ಟಲು ಎತ್ತುವಾಗ ಮಾವ ಮಗಳನ್ನು ಕರೆದ ಹಾಗೆ ಕರೆದು ಕೇಳಿದರು: "ಅದನ್ನು ನೀನು ತಿನ್ನುದಲ್ವಾ ಮೋಳೇ?" ಇಲ್ಲ ಮಾವ, ಸಾರಿಗೆ ಅರೆಯುತ್ತೇನೆ ಎಂದೆ. ಅವರ ಮುಖ ಸಣ್ಣದಾಯಿತು. "ಹವ್ವಮ್ಮ ಇರುವಾಗ ಒಂದೇ ಬಟ್ಟಲಲ್ಲಿ ತಿನ್ತಿದ್ದೆವು. ಇದು ನಿನ್ನ ಪಾಲು. ಒಬ್ಬನೇ ಕೂತರೆ ಗಂಟಲಲ್ಲಿ ಇಳಿಯುದಿಲ್ಲ."

ಒಂದು ಬಾಗಿಲಿನ ಆಚೆ ಅವರು, ಈಚೆ ನಾನು, ಇಷ್ಟು ತಿಂಗಳು ಹೀಗೇ ಉಂಡೆವು. ತಪ್ಪು ನನ್ನದು. ಅವರ ಮೇಲೆ ಸಿಟ್ಟು ಬೇಡ. ಮಾವ ಸಲಾಂ ಹೇಳಿದ್ದಾರೆ. ನನ್ನ ದುಆದಲ್ಲಿ ದಿನಾ ನೀವಿದ್ದೀರಿ.

ನಿಮ್ಮ
ರಮ್ಲಾ

ತಾ.ಕ.: ಅರ್ಶದ್ ಗೇಟಿನ ಹತ್ತಿರ ಬಂದಾಯಿತು. ಭಾನುವಾರ ಬರುವುದು ಬೇಡವೆಂದು ಮೈಮೂನಕ್ಕನಿಗೆ ನೀವೇ ಹೇಳಿ, ನನಗೆ ಧೈರ್ಯ ಸಾಲದು. ಮಾವ ಇಲ್ಲೇ ಇರಲಿ. ಇವತ್ತು ಬೆಳಿಗ್ಗೆ ನನ್ನ ಚಹಾ ಹಿಡಿದುಕೊಂಡು ಚಾವಡಿಗೆ ಹೋಗಿ ಅವರ ಎದುರು ಕೂತೆ. ಅವರು ಬಾದಾಮಿಯ ಸಿಪ್ಪೆ ಸುಲಿದು ಆರನ್ನು ನನ್ನ ಕಡೆ ಸರಿಸಿದರು. ಬಟ್ಟಲು ಖಾಲಿ, ತೊಳೆದು ಕವುಚಿ ಇಟ್ಟಿದ್ದೇನೆ.