ಒಂದು ಕುರ್ಚಿ ಖಾಲಿ

ಡಿಸೆಂಬರ್ ೨೫, ಕ್ರಿಸ್‌ಮಸ್

ಎರಡು ಅಂಗಿಗೆ ಕಾಜಾ ಹೊಲಿಯುವುದು ಉಳಿದೇಹೋಯಿತು. ಹಬ್ಬದ ದಿನವೇ ಗಿರಾಕಿಯಿಂದ ಬೈಸಿಕೊಂಡದ್ದೂ ಆಯಿತು. ಆದರೂ ಮನಸ್ಸು ಹಗುರವಾಗಿದೆ.

ಯೇಸು ಹುಟ್ಟಿದ ಕಥೆ ಓದದೆ ಯಾರೂ ಊಟಕ್ಕೆ ಕೂರುವಂತಿಲ್ಲ; ಅದು ಅತ್ತೆಯ ಕಟ್ಟಪ್ಪಣೆ. ಈ ಸಲ ಓದುವ ಸರದಿ ಚಿಕ್ಕವಳದು. ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದಳು. ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ತುಂಬು ಬಸುರಿಯಾಗಿದ್ದ ಯೇಸುವಿನ ತಾಯಿಗೆ ಛತ್ರದಲ್ಲಿ ಜಾಗ ಸಿಗದ ಸಾಲಿಗೆ ಬಂದವಳೇ ತಲೆಯೆತ್ತಿದಳು.

“ಅಮ್ಮಾ, ಅವರು ನಮ್ಮನೆಗೆ ಬಂದಿದ್ರೆ ಎಲ್ಲಿ ಕೂರಿಸ್ತಿದ್ದೆ?”

ಇದ್ದಬದ್ದ ಕುರ್ಚಿಗಳ ಮೇಲೆಲ್ಲ ಹೊಲಿಗೆಗೆ ಬಂದ ಬಟ್ಟೆಯ ರಾಶಿ.

“ಹೇಳಮ್ಮ, ಈಗ ಹೇಳು!” ಅತ್ತೆ ನಕ್ಕುಬಿಟ್ಟರು.

ಒಂದು ಕುರ್ಚಿಯ ಬಟ್ಟೆಯನ್ನೆಲ್ಲ ತೆಗೆದು, ಒರೆಸಿ, ಮೇಜಿನ ತುದಿಗೆ ಎಳೆದಿಟ್ಟೆ. ಆಮೇಲೆಯೇ ಊಟ.

ಈಗ ಎಲ್ಲರೂ ಮಲಗಿದ್ದಾರೆ. ಕುರ್ಚಿ ಅಲ್ಲೇ ಇದೆ. ಸೊಂಟ ನೋಯುತ್ತಿದ್ದರೂ ನಾನು ನೆಲದ ಮೇಲೆ ಕೂತೇ ಬರೆಯುತ್ತಿದ್ದೇನೆ.