ಹಾಡು ಬಂತು, ಎಚ್ಚರಿಕೆ ಬರಲಿಲ್ಲ

ಪ್ರಸಾರ ಪರವಾನಗಿಯ ಮಾನ್ಯ ಅಧಿಕಾರಿಗಳೇ,

ನಿಮ್ಮ ಆದೇಶವೊಂದರಿಂದ ನನ್ನ ಮಗಳು ಇರೇರಿ ಸತ್ತಳು. ಆ ಆದೇಶ ಇನ್ನೂ ಜಾರಿಯಲ್ಲಿದೆ. ಮೊದಲನೆಯದನ್ನು ನೀವು ಸರಿಪಡಿಸಲಾರಿರಿ, ಎರಡನೆಯದನ್ನು ಸರಿಪಡಿಸಬಲ್ಲಿರಿ. ಆದ್ದರಿಂದ ಈ ಪತ್ರ.

ವಾಷಿಂಗ್ಟನ್ ರಾಜ್ಯದ ಈ ಸೇಬಿನ ಕಣಿವೆಯಲ್ಲಿ ತೋಟದ ಕೂಲಿಗಳಾದ ನಾವು ಏಣಿಯ ತುದಿಗೆ ರೇಡಿಯೋ ತೂಗುಹಾಕಿಕೊಂಡು ದುಡಿಯುವವರು. ಬೇಕರಿಯ ಹಿಂದಿನ ಕೋಣೆಯಿಂದ ನಮ್ಮ ಸ್ಪ್ಯಾನಿಷ್ ಬಾನುಲಿ ನಡೆಸುವ ಎದುವಿಹೆಸಮ್ಮನಿಗೆ ಹುಳದ ಔಷಧಿ ಸಿಂಪಡಿಸುವ ಟ್ರ್ಯಾಕ್ಟರ್ ಚಾಲಕರು ಬೆಳಗಾಗುತ್ತಲೇ ಫೋನು ಮಾಡುತ್ತಿದ್ದರು. ಎರಡು ಹಾಡುಗಳ ನಡುವೆ ಆಕೆಯ ಗದರಿಕೆ ಕೇಳಿಸುತ್ತಿತ್ತು: "ಕಾಲುವೆ ಪಕ್ಕದ ತೋಟಕ್ಕೆ ಔಷಧಿ ಹೊಡ್ದಿದಾರೆ, ಯಾರೂ ಕಾಲಿಡಬೇಡ್ರಪ್ಪಾ. ಬೇಕಿದ್ರೆ ನಿಮ್ಮ ಮೇಸ್ತ್ರೀನ ಮೊದ್ಲು ಒಳಗೆ ಕಳಿಸಿ!" ಆಕೆ ಹೆಸರಿಸಿದ ತೋಟಕ್ಕೆ ನಾವು ಹೋಗುತ್ತಿರಲಿಲ್ಲ, ಹೆಸರಿಸದ ತೋಟಕ್ಕೆ ನಿಶ್ಚಿಂತೆಯಿಂದ ಹೋಗುತ್ತಿದ್ದೆವು. ಇಡೀ ಕಣಿವೆಯ ರೂಢಿ ಇದು.

ಹುಟ್ಟಿದ ನಾಡಿನ ಮೊರೇಲಿಯಾ ಪಟ್ಟಣದ ಕಾಲೇಜಿನಲ್ಲಿ ನಾನು ಚರ್ಚಾಪಟುವಾಗಿದ್ದೆ; ನಿಮ್ಮ ಪಕ್ಷವನ್ನೂ ನಾನೇ ಮಂಡಿಸಬಲ್ಲೆ. ಪರಿಶೀಲಿಸದ ಸುದ್ದಿಯಿಂದ ತೋಟದ ಮಾಲೀಕರ ಹೆಸರು ಕೆಡುತ್ತದೆ. ಆದಕಾರಣ ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಬಾನುಲಿಯಲ್ಲಿ ಎಚ್ಚರಿಕೆ ಓದಕೂಡದು ಎಂದು ಆದೇಶಿಸಿದಿರಿ. ಸೊಗಸಾದ ವಾದ. ಬೆಂಕಿ ಬಿದ್ದಿದೆ ಎಂದು ಕೂಗುವ ಮುನ್ನ ಬೆಂಕಿ ಇಟ್ಟವನ ಅನುಮತಿ ಪಡೆಯಬೇಕು, ಅಲ್ಲವೇ? ಆದರೆ ನಿಮ್ಮ ಜಾಣ್ಮೆ ಅಷ್ಟಕ್ಕೆ ತೃಪ್ತವಾಗಲಿಲ್ಲ. ಎಚ್ಚರಿಕೆ ನಿಂತಿದೆ ಎಂದು ತಿಳಿಸುವುದನ್ನೂ ನಿಷೇಧಿಸಿದಿರಿ; ಜನ ಗಾಬರಿಯಾಗುತ್ತಾರಂತೆ! ಪರವಾನಗಿ ಹೋದರೆ ಬಾನುಲಿಯೇ ಮುಚ್ಚೀತೆಂದು ಎದುವಿಹೆಸಮ್ಮ ತುಟಿ ಹೊಲಿದುಕೊಂಡರು. ಇದ್ಯಾವುದೂ ಆಗ ನಮಗೆ ಗೊತ್ತಿರಲಿಲ್ಲ. ಹಾಡುಗಳು ಮಾತ್ರ ಬರುತ್ತಲೇ ಇದ್ದವು.

ಆ ಬೆಳಿಗ್ಗೆ ಕಾಲುವೆ ಪಕ್ಕದ ತೋಟದ ಬಾಗಿಲಲ್ಲಿ ಔಷಧಿ ಹೊಡೆದಿದೆ ಎಂಬ ಫಲಕವಿರಲಿಲ್ಲ. ಗಾಳಿಯಲ್ಲಿ ಬೆಳ್ಳುಳ್ಳಿಯಂಥ ವಾಸನೆಯಿತ್ತು. ನಾನು ತಡೆದೆ.

"ಅಯ್ಯೋ ಅಪ್ಪಾ, ನಿಮ್ಮ ಭಾಷಣ ಮುಗಿಯೋದ್ರಲ್ಲಿ ಕಾಯಿ ಹಣ್ಣಾಗುತ್ತೆ," ಎಂದು ಇರೇರಿ ನಕ್ಕಳು. "ರೇಡಿಯೋ ಏನಾದ್ರೂ ಹೇಳ್ತಾ? ಇಲ್ಲ ತಾನೇ? ಅಂದ್ಮೇಲೆ ಏನೂ ಇಲ್ಲ. ಬನ್ನಿ."

ಅಷ್ಟು ವರ್ಷ ಸುಳ್ಳಾಡದ ಬಾನುಲಿಯ ಎದುರು ನನ್ನ ಬಳಿ ಯಾವ ವಾದವಿತ್ತು? ನನ್ನ ಬುಟ್ಟಿಯ ಪಟ್ಟಿ ಕಿತ್ತುಹೋಗಿತ್ತು. ಕಟ್ಟುತ್ತ ಬೇಲಿಯ ಹೊರಗೇ ಉಳಿದೆ. ಅವಳು ಇಬ್ಬನಿ ಆರದ ಎಲೆಗಳ ನಡುವೆ ಏಣಿ ಹತ್ತಿದಳು. ನಾನು ತಲುಪುವಷ್ಟರಲ್ಲಿ ಕೆಳಗೆ ಬಿದ್ದಿದ್ದಳು. ಕಣ್ಣಿನ ಪಾಪೆಗಳು ಸಾಸಿವೆ ಕಾಳಿನಷ್ಟಾಗಿದ್ದವು, ಬಾಯಲ್ಲಿ ನೊರೆ. ಮೇಲೆ ರೇಡಿಯೋ ಮದುವೆ ಹಾಡು ಹಾಡುತ್ತಿತ್ತು.

ಮಣ್ಣು ಮಾಡಿದ ಮೇಲೆ ನಿಮಗೆ ಮನವಿ ಸಲ್ಲಿಸಿದೆ. 'ಪರಿಶೀಲನೆಯಲ್ಲಿದೆ' ಎಂದಿರಿ. ಮಾನ್ಯರೇ, ಹುಳಕ್ಕೆ ಔಷಧಿ ಹೊಡೆಯುವ ಕಾಲ ಈಗಷ್ಟೇ ಶುರುವಾಗಿದೆ. ಈ ವಾರ ಆ ವಾಸನೆ ಗುಡ್ಡದ ಮೇಲಿನ ತೋಟಗಳಿಂದಲೂ ಇಳಿದು ಬರುತ್ತಿದೆ. ಬಾನುಲಿಯ ಎಚ್ಚರಿಕೆ ನಿಂತುಹೋಗಿದೆ ಎಂದು ನಾನು ಬಾಗಿಲಿಂದ ಬಾಗಿಲಿಗೆ ಹೋಗಿ ಹೇಳುತ್ತಿದ್ದೇನೆ. ಪಾಪ, ಮಗಳು ಹೋದ ದುಃಖ ಎಂದು ಕಾಫಿ ಕೊಡುತ್ತಾರೆ. ರೇಡಿಯೋದ ಕಿವಿ ಹಿಂಡಿ, ಹಾಡು ಕೇಳಿ, ಕೆಲಸಕ್ಕೆ ಹೊರಡುತ್ತಾರೆ.

ನನ್ನ ಬೇಡಿಕೆ ಒಂದೇ. ಎದುವಿಹೆಸಮ್ಮನ ಬಾಯಿ ಬಿಡಿಸಿ. ಅದಾಗದಿದ್ದರೆ ನೀವೇ ಆ ಕೋಣೆಗೆ ಬನ್ನಿ. ಎರಡು ಹಾಡುಗಳ ನಡುವೆ, ನಿಮ್ಮದೇ ದನಿಯಲ್ಲಿ, ಈ ಬಾನುಲಿಯ ಮೌನವನ್ನು ನಂಬಬೇಡಿ ಎಂದು ಸಾರಿ. ಎರಡೂ ಒಲ್ಲೆವೆಂದರೆ, ಮುಂದೆ ಏಣಿಯಿಂದ ಬೀಳುವವರ ಹೆಸರು ನಿಮಗೆ ಮುಂಚಿತವಾಗಿ ಗೊತ್ತಿರಲಿಲ್ಲ ಎನ್ನಬಹುದು. ಅವರು ಬೀಳುವುದು ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಇಂತಿ,
ನಿಮ್ಮ ದನಿಗಾಗಿ ರೇಡಿಯೋ ಆರಿಸದೆ ಕುಳಿತಿರುವ
ಇರೇರಿಯ ಅಪ್ಪ,
ಎವಾರಿಸ್ತೋ ಸಾಮುದಿಯೋ